ಬೇರೆ ಧರ್ಮದವರು ಉಡುಪಿ, ಮಂಗಳೂರಿನ ದೇವಸ್ಥಾನಗಳಿಗೆ ಹೋದರೆ ಹೇಗೆ ನಡೆದುಕೊಳ್ಳಬೇಕು?

ಬೀದರ ಕಡೆಯ ಮೆಥಡಿಸ್ಟ್ ಕುಟುಂಬದವರಾದ ತಾವು ಕೆಲಸದ ಮೇಲೆ ಮಣಿಪಾಲಕ್ಕೆ ಬಂದಿದ್ದೀರಿ. ಸಹೋದ್ಯೋಗಿಗಳು ಕೃಷ್ಣಮಠಕ್ಕೆ ಕರೆಯುತ್ತಿದ್ದಾರೆ, ತಮಗೂ ನೋಡುವ ಆಸೆಯಿದೆ. ಆದರೆ ಒಳಗೆ ಬಿಡುತ್ತಾರೆಯೇ, ಕೈಮುಗಿಯಲೇಬೇಕೇ, ತೀರ್ಥ ಪ್ರಸಾದ ಕೊಟ್ಟರೆ ಏನು ಮಾಡುವುದು, ನಂಬಿಕೆಯಿಲ್ಲದವಳು ಅಲ್ಲಿ ಹೋಗಿ ನಿಂತರೆ ಅದು ನಾಟಕವಾಗುವುದಿಲ್ಲವೇ ಎಂದು ಕೇಳಿದ್ದೀರಿ. ನಾನು ಮಂಗಳೂರಿನ ಕಥೋಲಿಕ ಮನೆತನದವಳು. ಮನೆಮಾತು ಕೊಂಕಣಿ, ಬಹುಕಾಲ ಅಧ್ಯಾಪಕಿಯಾಗಿದ್ದುದು ಉಡುಪಿಯಲ್ಲಿ. ಮದುವೆ, ಮುಂಜಿ, ಬ್ರಹ್ಮಕಲಶ, ರಥೋತ್ಸವ ಎಂದು ಸಹೋದ್ಯೋಗಿಗಳ ಜೊತೆ ಹೋಗಿ ಹೋಗಿ ದೇವಸ್ಥಾನದ ರೀತಿನೀತಿಗಳು ನನಗೆ ರೂಢಿಯಾಗಿವೆ. ಆದ್ದರಿಂದ ಅರ್ಚಕರು ಕೊಡಬಹುದಾದ ಶಾಸ್ತ್ರದ ಉತ್ತರವನ್ನು ನನ್ನಿಂದ ನಿರೀಕ್ಷಿಸಬೇಡಿ. ಅತಿಥಿಯಾಗಿ ಒಳಗೆ ಹೋಗಿ ಬರುವವಳಿಗೆ ತಿಳಿದಷ್ಟನ್ನು ಹೇಳುತ್ತೇನೆ.

ಇಗರ್ಜಿಯಲ್ಲಿ ಬೆಳೆದ ನಮ್ಮಂಥವರು ದೇವಸ್ಥಾನದಲ್ಲಿ ತಬ್ಬಿಬ್ಬಾಗುವುದು ವಿಗ್ರಹವನ್ನು ಕಂಡಲ್ಲ, ಆರಾಧನೆ ಯಾವಾಗ ಆರಂಭವಾಯಿತು, ಯಾವಾಗ ಮುಗಿಯಿತು ಎಂಬುದು ಗೊತ್ತಾಗದೆ. ನಮ್ಮಲ್ಲಿ ಗಂಟೆ ಹೊಡೆಯುತ್ತದೆ, ಎಲ್ಲರೂ ಒಟ್ಟಿಗೆ ಏಳುತ್ತಾರೆ, ಒಟ್ಟಿಗೆ ಮೊಣಕಾಲೂರುತ್ತಾರೆ, ಒಟ್ಟಿಗೆ ಹಾಡುತ್ತಾರೆ. ಅಲ್ಲಿ ಸುಮ್ಮನೆ ಕುಳಿತವನು ಎದ್ದು ಕಾಣುತ್ತಾನೆ. ದೇವಸ್ಥಾನದಲ್ಲಿ ಅಂಥ ಸಾಮೂಹಿಕ ಕಟ್ಟಳೆ ಇಲ್ಲ. ಒಬ್ಬರು ಉದ್ದಂಡ ನಮಸ್ಕಾರ ಮಾಡುತ್ತಿರುವಾಗಲೇ ಅವರ ಪಕ್ಕದಲ್ಲಿ ಇನ್ನೊಬ್ಬರು ಮಗುವಿಗೆ ಗಂಧ ಹಚ್ಚುತ್ತಿರುತ್ತಾರೆ, ಮತ್ತೊಬ್ಬರು ಕಂಬಕ್ಕೆ ಒರಗಿ ಕಣ್ಣು ಮುಚ್ಚಿರುತ್ತಾರೆ, ಹೊರಗಿನ ಜಗಲಿಯಲ್ಲಿ ಇಬ್ಬರು ಹೆಂಗಸರು ಹುಡುಗಿಯ ಜಾತಕದ ಮಾತಾಡುತ್ತಿರುತ್ತಾರೆ. ಮಹಾಮಂಗಳಾರತಿಯ ಹೊತ್ತಿಗೆ ಗಂಟೆ ಜಾಗಟೆ ಮೊಳಗಿದಾಗ ಮಾತ್ರ ಎಲ್ಲರ ಮುಖವೂ ಗರ್ಭಗುಡಿಯತ್ತ ತಿರುಗುತ್ತದೆ. ಹೀಗಿರುವುದರಿಂದ ನೀವು ಕೈಮುಗಿದಿರೋ ಇಲ್ಲವೋ ಎಂದು ಲೆಕ್ಕವಿಡುವವರು ಅಲ್ಲಿ ಯಾರೂ ಇರುವುದಿಲ್ಲ. ಬಾಗಿಲಲ್ಲಿ ನಿಮ್ಮ ವಿಶ್ವಾಸಪ್ರಮಾಣವನ್ನೂ ಕೇಳುವುದಿಲ್ಲ. ದೇವಸ್ಥಾನದ ಶಿಸ್ತೆಲ್ಲ ದೇಹಕ್ಕೆ ಸಂಬಂಧಿಸಿದ್ದು: ಕಾಲಲ್ಲಿ ಏನಿದೆ, ಮೈಮೇಲೆ ಏನಿದೆ, ಯಾವ ಕೈ ಚಾಚಿದಿರಿ, ಯಾವ ದಿಕ್ಕಿನಿಂದ ಸುತ್ತು ಬಂದಿರಿ. ಅಷ್ಟನ್ನು ಸರಿಯಾಗಿ ಪಾಲಿಸಿದರೆ ಉಳಿದದ್ದು ನಿಮಗೆ ಬಿಟ್ಟದ್ದು, ಅಲ್ಲಿ ನಾಟಕದ ಪ್ರಶ್ನೆಯೇ ಏಳುವುದಿಲ್ಲ.

ಇದರ ತಿರುವುಮುರುವು ಉದಾಹರಣೆ ನಮ್ಮಲ್ಲೇ ಇದೆ. ಕಾರ್ಕಳದ ಅತ್ತೂರಿನಲ್ಲಿ ಜನವರಿಯಲ್ಲಿ ನಡೆಯುವ ಸಂತ ಲಾರೆನ್ಸರ ಹಬ್ಬಕ್ಕೆ ಹಿಂದೂಗಳು ಗುಂಪುಗುಂಪಾಗಿ ಬರುತ್ತಾರೆ. ಮೇಣದ ಬತ್ತಿ ಹಚ್ಚುತ್ತಾರೆ, ಹರಕೆ ಸಲ್ಲಿಸುತ್ತಾರೆ, ಕಥೋಲಿಕರಿಗೆ ಮಾತ್ರ ಕೊಡುವ ಪರಮಪ್ರಸಾದ ಹಂಚುವಾಗ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಅವರನ್ನು ನಟರೆಂದು ನಾವು ಯಾರೂ ಅಂದುಕೊಂಡಿಲ್ಲ. ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನದ ಹೆಸರೇ ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿಯ ಐತಿಹ್ಯದೊಂದಿಗೆ ಬೆಸೆದುಕೊಂಡಿದೆ. ಉಡುಪಿಯ ಕೃಷ್ಣಮಠದ ಆವರಣದಲ್ಲೇ 2017ರಲ್ಲಿ, ಪೇಜಾವರ ಮಠದ ವಿಶ್ವೇಶತೀರ್ಥರ ಪರ್ಯಾಯ (ಪೂಜೆಯ ಸರದಿ) ಕಾಲದಲ್ಲಿ, ಮುಸ್ಲಿಮರಿಗಾಗಿ ಇಫ್ತಾರ್ ಕೂಟ ನಡೆಯಿತು. ಅದಕ್ಕೆ ವಿರೋಧವೂ ಬಂದಿತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಕರಾವಳಿಯ ಹವೆ ಈಗ ಮೊದಲಿನಷ್ಟು ತಿಳಿಯಾಗಿಲ್ಲ. ಮೊದಲ ಸಲ ಒಬ್ಬರೇ ಹೋಗದೆ, ಪರಿಚಯದ ಕುಟುಂಬವೊಂದರ ಜೊತೆ ಹೋಗಿ ಎಂದು ನಾನು ಹೇಳುವುದು ಅದಕ್ಕಾಗಿಯೇ.

ಒಳಗೆ ಬಿಡುತ್ತಾರೆಯೇ ಎಂಬ ಪ್ರಶ್ನೆಗೆ ಎಲ್ಲ ಕಡೆಗೂ ಒಪ್ಪುವ ಉತ್ತರವಿಲ್ಲ. ಕೇರಳದ ಗುರುವಾಯೂರು, ತಿರುವನಂತಪುರದ ಪದ್ಮನಾಭಸ್ವಾಮಿ, ಒಡಿಶಾದ ಪುರಿ ಜಗನ್ನಾಥ ದೇವಾಲಯಗಳಲ್ಲಿ ಹಿಂದೂಗಳಿಗೆ ಮಾತ್ರ ಪ್ರವೇಶ. ಅಂಥ ಫಲಕವಿದ್ದಲ್ಲಿ ವಾದಿಸದೆ ಹೊರಗಿನಿಂದಲೇ ನೋಡಿ ಬರುವುದು ಮರ್ಯಾದೆ. ನಮ್ಮ ಎರಡು ಜಿಲ್ಲೆಗಳಲ್ಲಿ ನನ್ನನ್ನು ಯಾರೂ ತಡೆದದ್ದಿಲ್ಲ. ಕೊರಳಲ್ಲಿ ಸಣ್ಣ ಶಿಲುಬೆ ಇರುತ್ತದೆ, ಅದನ್ನು ತೆಗೆದಿಡುವುದೂ ಇಲ್ಲ, ಎತ್ತಿ ತೋರಿಸುವುದೂ ಇಲ್ಲ. ಯಾರಾದರೂ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಹೆಸರು ಮರೆಸಿಕೊಂಡು ಹೋಗುವುದಕ್ಕಿಂತ ಕೇಳಿ ತಿಳಿದು ಹೋಗುವುದು ಲೇಸು.

ಕೃಷ್ಣಮಠದ ವಿಷಯದಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಪೂಜೆಯ ಮತ್ತು ಆಡಳಿತದ ಹೊಣೆ ಉಡುಪಿಯ ಎಂಟು ಮಠಗಳಾದ ಅಷ್ಟಮಠಗಳಲ್ಲಿ ಎರಡೆರಡು ವರ್ಷಕ್ಕೊಮ್ಮೆ ಸರದಿಯಂತೆ ಬದಲಾಗುತ್ತದೆ. ಸಮಸಂಖ್ಯೆಯ ವರ್ಷಗಳ ಜನವರಿ 18ರಂದು ಪರ್ಯಾಯ. ಈ ಎರಡು ವರ್ಷದ ಪದ್ಧತಿಯನ್ನು ತಂದವರು ಅಷ್ಟಮಠಗಳಲ್ಲೊಂದಾದ ಸೋದೆ ಮಠದ ವಾದಿರಾಜರು. ಹೀಗಾಗಿ ಉಡುಪು, ಸಮಯ, ಊಟದ ವ್ಯವಸ್ಥೆಯಂಥ ಸಣ್ಣ ನಿಯಮಗಳು ಪರ್ಯಾಯದಿಂದ ಪರ್ಯಾಯಕ್ಕೆ ಅಷ್ಟಿಷ್ಟು ಬದಲಾಗುವುದುಂಟು. ಐದು ವರ್ಷದ ಹಿಂದೆ ಹೋಗಿ ಬಂದವರ ಮಾತನ್ನು ನೆಚ್ಚಿಕೊಳ್ಳದೆ ಬಾಗಿಲಿನ ಫಲಕವನ್ನು ಓದಿಕೊಳ್ಳಿ. ಗಂಡಸರು ಅಂಗಿ ಬನಿಯನ್ ಕಳಚಬೇಕೆಂಬುದು ಇಲ್ಲಿಯದಷ್ಟೇ ಅಲ್ಲ, ಕರಾವಳಿಯ ಬಹುತೇಕ ದೇವಸ್ಥಾನಗಳ ಒಳಾಂಗಣದ ರೂಢಿ. ನಿಮ್ಮ ಜೊತೆ ಬರುವ ತಮ್ಮನಿಗೋ ಗೆಳೆಯರಿಗೋ ಮೊದಲೇ ಹೇಳಿಟ್ಟರೆ ಬಾಗಿಲಲ್ಲಿ ಮುಜುಗರ ತಪ್ಪುತ್ತದೆ. ನಿಮಗಾದರೆ ಸೀರೆ ಅಥವಾ ಚೂಡಿದಾರ ಸಾಕು. ಚರ್ಮದ ಬೆಲ್ಟು, ಪರ್ಸು ಹೊರಗಿರಲಿ, ಫೋನು ಚೀಲದೊಳಗಿರಲಿ.

ರಥಬೀದಿಯಲ್ಲಿ ಚಂದ್ರಮೌಳೀಶ್ವರ ಮತ್ತು ಅನಂತೇಶ್ವರ ದೇವಸ್ಥಾನಗಳಿವೆ. ಮೊದಲು ಅವೆರಡಕ್ಕೆ ಹೋಗಿ ಆಮೇಲೆ ಕೃಷ್ಣನಲ್ಲಿಗೆ ಹೋಗುವುದು ವಾಡಿಕೆ. ಕೃಷ್ಣನನ್ನು ನೋಡುವುದು ಒಂಬತ್ತು ರಂಧ್ರಗಳಿರುವ ಬೆಳ್ಳಿಯ ಕವಚದ ನವಗ್ರಹ ಕಿಂಡಿಯ ಮೂಲಕ. ಸಾಲು ನಿಲ್ಲುವುದಿಲ್ಲ, ಹಿಂದಿನವರು ಒತ್ತುತ್ತಿರುತ್ತಾರೆ, ಬಗ್ಗಿ ಕಿಂಡಿಗೆ ಕಣ್ಣು ಹೊಂದಿಸುವಷ್ಟರಲ್ಲಿ ಮುಂದೆ ಹೋಗಿ ಎಂಬ ಸೂಚನೆ ಬಂದಿರುತ್ತದೆ. ಕೈಯಲ್ಲಿ ಕಡೆಗೋಲು ಹಿಡಿದ ಆ ಪುಟ್ಟ ಬಾಲಕೃಷ್ಣನನ್ನು ಹೊಸಬರು ಗುರುತಿಸುವುದೇ ಕಷ್ಟ. ಅಲಂಕಾರದ ಹೊಳಪಷ್ಟೇ ಕಂಡು ಮುಂದೆ ಸಾಗಿದವರು ಬಹಳ ಜನ. ಒಳಗೆ ಹೋಗಲು ಇನ್ನೂ ಮನಸ್ಸು ಗಟ್ಟಿಯಾಗಿರದಿದ್ದರೆ ಹೊರಗಿನಿಂದಲೇ ಕನಕನ ಕಿಂಡಿಯಲ್ಲಿ ನೋಡಬಹುದು. ಕನಕದಾಸರನ್ನು ಜಾತಿಯ ಕಾರಣದಿಂದ ಒಳಗೆ ಬಿಡಲಿಲ್ಲವೆಂದೂ, ಗೋಡೆ ಬಿರಿದು ಕೃಷ್ಣ ಅವರತ್ತ, ಅಂದರೆ ಪಶ್ಚಿಮಕ್ಕೆ, ತಿರುಗಿದನೆಂದೂ ಐತಿಹ್ಯ ಹೇಳುತ್ತದೆ. ಇದರ ಚಾರಿತ್ರಿಕತೆಯ ಬಗ್ಗೆ ವಿದ್ವಾಂಸರಲ್ಲಿ ವಾಗ್ವಾದವಿದೆ. ಆದರೂ ಹೊರಗೆ ನಿಂತವನ ಹೆಸರಿನಲ್ಲಿ ಒಂದು ಕಿಂಡಿ ಇರುವ ಊರಿನಲ್ಲಿ ಹೊರಗಿನವಳೆಂದು ಅಷ್ಟೊಂದು ಅಳುಕುವುದು ಬೇಡವೆಂದು ನನಗನ್ನಿಸುತ್ತದೆ.

ಅರ್ಚಕರು ತೀರ್ಥವನ್ನಾಗಲಿ ಗಂಧವನ್ನಾಗಲಿ ಮೇಲಿನಿಂದ ಹಾಕುತ್ತಾರೆ, ಕೈಗೆ ಕೈ ತಾಗಿಸುವುದಿಲ್ಲ. ಬೇರೆ ಧರ್ಮದವಳೆಂದು ಹೀಗೆ ಮಾಡಿದರೇ ಎಂಬ ಸಂಶಯ ನಮ್ಮಂಥವರಿಗೆ ಥಟ್ಟನೆ ಹುಟ್ಟುತ್ತದೆ. ಅವರು ಮಡಿಯಲ್ಲಿರುವಾಗ ಸ್ವಂತ ಮಕ್ಕಳಿಗೂ ಹಾಗೆಯೇ ಕೊಡುತ್ತಾರೆ. ಮಡಿಯ ಕಲ್ಪನೆಯನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಅದು ನಿಮ್ಮೊಬ್ಬರನ್ನು ಗುರಿಯಾಗಿಸಿದ್ದಲ್ಲ ಎಂದು ತಿಳಿದಿದ್ದರೆ ಮನಸ್ಸು ಕಹಿಯಾಗುವುದಿಲ್ಲ. ತೀರ್ಥಕ್ಕೆ ಬಲಗೈಯನ್ನು ಗುಳಿಮಾಡಿ ಹಿಡಿದು, ಎಡಗೈಯನ್ನು ಅದರ ಕೆಳಗೆ ಆನಿಸಿಕೊಳ್ಳಬೇಕು. ಬೇಡವೆನಿಸಿದರೆ ಕೈ ಚಾಚದೆ ಒಂದು ಹೆಜ್ಜೆ ಹಿಂದೆ ನಿಂತರಾಯಿತು. ಯಾರೂ ಕಾರಣ ಕೇಳುವುದಿಲ್ಲ. ಆದರೆ ಕೈಗೆ ತೆಗೆದುಕೊಂಡ ಮೇಲೆ ಚೆಲ್ಲಬಾರದು, ಹೂವನ್ನು ಮೆಟ್ಟಿಲ ಮೇಲೆ ಬಿಟ್ಟು ಬರಬಾರದು. ಬೇಡವೆನ್ನುವುದು ಅವಮಾನವಲ್ಲ, ತೆಗೆದುಕೊಂಡು ಎಸೆಯುವುದು ಅವಮಾನ.

ವಿಗ್ರಹಕ್ಕೆ ಅರ್ಪಿಸಿದ್ದನ್ನು ತಿನ್ನಬಹುದೇ ಎಂದು ನಿಮ್ಮ ತಾಯಿ ಚಿಂತಿಸುತ್ತಿರುವುದಾಗಿ ಬರೆದಿದ್ದೀರಿ. ನಾನು ದೇವಶಾಸ್ತ್ರ ಓದಿದವಳಲ್ಲ. ಆದರೂ ಅವರ ಮನಸ್ಸಿನಲ್ಲಿರುವುದು ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರವಿರಬಹುದು. ಅದರ ಎಂಟನೆಯ ಅಧ್ಯಾಯದಲ್ಲಿ ಆಹಾರವು ನಮ್ಮನ್ನು ದೇವರ ಬಳಿಗೆ ಒಯ್ಯುವುದೂ ಇಲ್ಲ, ದೂರ ಮಾಡುವುದೂ ಇಲ್ಲ, ಆದರೆ ನಿನ್ನ ಊಟದಿಂದ ದುರ್ಬಲ ಮನಸ್ಸಿನ ಸಹೋದರ ಎಡವದಿರಲಿ ಎಂಬ ಧಾಟಿಯ ಮಾತಿದೆ. ಹತ್ತನೆಯ ಅಧ್ಯಾಯದಲ್ಲಿ ಸ್ವರ ಕಠಿಣವಾಗುತ್ತದೆ. ಎರಡನ್ನೂ ತಾಯಿಯವರ ಜೊತೆ ಕುಳಿತು ಓದಿ ನೀವೇ ನಿರ್ಧರಿಸಿ. ನಾನಂತೂ ಊಟ ಮಾಡುತ್ತೇನೆ, ತೀರ್ಥ ತೆಗೆದುಕೊಳ್ಳುವುದಿಲ್ಲ. ಈ ಗೆರೆಗೆ ತರ್ಕದ ಆಧಾರ ಅಷ್ಟೇನೂ ಗಟ್ಟಿಯಾಗಿಲ್ಲವೆಂದು ನನ್ನ ಪಾದ್ರಿಗಳೂ ನಕ್ಕಿದ್ದಾರೆ, ಗೆಳತಿಯರೂ ನಕ್ಕಿದ್ದಾರೆ. ನನ್ನ ಮನಸ್ಸು ಅಲ್ಲಿಗೆ ಒಪ್ಪಿದೆ, ಅಷ್ಟೇ.

ಆ ಊಟವನ್ನು ಮಾತ್ರ ತಪ್ಪಿಸಬೇಡಿ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಇಲ್ಲಿಯ ಕೃಷ್ಣನನ್ನು ಅನ್ನಬ್ರಹ್ಮ ಎನ್ನುವುದು ಸುಮ್ಮನಲ್ಲ. ನೆಲದ ಮೇಲೆ ಸಾಲಾಗಿ ಕುಳಿತಾಗ ಅನ್ನ ಬೀಳುತ್ತದೆ, ಅದರ ಹಿಂದೆಯೇ ಸಾರಿನ ಬಕೆಟ್ ಹಿಡಿದವರು ಓಡುನಡಿಗೆಯಲ್ಲಿ ಬರುತ್ತಾರೆ. ಅವರು ತಲಪುವ ಮೊದಲೇ ಅನ್ನದ ನಡುವೆ ಬೆರಳಿನಿಂದ ಗುಳಿ ಮಾಡಿಟ್ಟುಕೊಳ್ಳಬೇಕು, ಇಲ್ಲವಾದರೆ ಬಿಸಿ ಸಾರು ಎಲೆಯ ಅಂಚು ದಾಟಿ ಮಡಿಲಿಗೇ ಬರುತ್ತದೆ. ಹುಳಿ, ಪಾಯಸ, ಮಜ್ಜಿಗೆ ಹೀಗೆ ಒಂದರ ಮೇಲೊಂದು ಬರುವಾಗ ಬೇಡವಾದದ್ದಕ್ಕೆ ಎಲೆಯ ಮೇಲೆ ಬಲಗೈ ಅಡ್ಡ ಹಿಡಿದರೆ ಸಾಕು. ನಡುವೆ ಯಾರೋ ಗೋವಿಂದನನ್ನು ಕೂಗುತ್ತಾರೆ, ಪಂಕ್ತಿಯಿಡೀ ದನಿಗೂಡಿಸುತ್ತದೆ, ನೀವು ಸುಮ್ಮನಿರಬಹುದು. ಪಂಕ್ತಿ ಏಳುವವರೆಗೆ ಏಳದಿರುವುದು ಸಭ್ಯತೆ. ಇದೇ ಊಟದ ವಿಷಯದಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಪಂಕ್ತಿ ಹಾಕುವುದರ ವಿರುದ್ಧ ಹೋರಾಟಗಳು ನಡೆದಿವೆ, ಅವು ನ್ಯಾಯವಾದವೆಂದೇ ನನ್ನ ಅಭಿಪ್ರಾಯ. ಆ ಚರ್ಚೆ ಗೊತ್ತಿದ್ದೇ ನಾನು ಅಲ್ಲಿ ಉಣ್ಣುತ್ತೇನೆ.

ಇನ್ನು ಹೊಸಬರ ಗಮನಕ್ಕೆ ಬಾರದ ಕೆಲವು ಸಂಗತಿಗಳಿವೆ. ತುಳುನಾಡಿನ ದೇವಸ್ಥಾನಗಳ ಒಳಾಂಗಣದಲ್ಲಿ ಗರ್ಭಗುಡಿಯ ಸುತ್ತ ನೆಲದಲ್ಲಿ ಸಣ್ಣ ಸಣ್ಣ ಬಲಿಕಲ್ಲುಗಳಿರುತ್ತವೆ. ನೋಡಲು ಮೋಟು ಕಂಬದಂತಿರುವ ಅವುಗಳನ್ನು ತುಳಿಯುವುದಾಗಲಿ, ಅವುಗಳ ಮೇಲೆ ಚೀಲ ಇಡುವುದಾಗಲಿ ಕೂಡದು. ಗುಡಿ ಯಾವಾಗಲೂ ಬಲಗಡೆ ಇರುವಂತೆ ಪ್ರದಕ್ಷಿಣೆ ಬರಬೇಕು. ಶಿವಾಲಯದಲ್ಲಿ ಮಾತ್ರ ಅಭಿಷೇಕದ ನೀರು ಹೊರಬರುವ ಸೋಮಸೂತ್ರವನ್ನು ದಾಟದೆ ಅಲ್ಲಿಂದಲೇ ಹಿಂದಿರುಗುವವರನ್ನು ಕಾಣುತ್ತೀರಿ. ಹೊಸ್ತಿಲನ್ನು ಮೆಟ್ಟದೆ ದಾಟಿ. ಗೆಳತಿಯರು ನಿಮ್ಮ ಹೆಸರಿನಲ್ಲಿ ಅರ್ಚನೆ ಮಾಡಿಸಲು ಹೊರಟರೆ ಗೋತ್ರ, ನಕ್ಷತ್ರ ಕೇಳುತ್ತಾರೆ. ಗೊತ್ತಿಲ್ಲವೆಂದರೆ ಸಾಕು, ಗೋತ್ರ ತಿಳಿಯದ ಹಿಂದೂಗಳೂ ಬೇಕಾದಷ್ಟಿದ್ದಾರೆ. ಮುಟ್ಟಿನ ದಿನಗಳಲ್ಲಿ ಹೆಂಗಸರು ದೇವಸ್ಥಾನಕ್ಕೆ ಹೋಗುವುದಿಲ್ಲ, ಮನೆಯಲ್ಲಿ ಸಾವಾದರೆ ಸೂತಕವೆಂದು ಗಂಡಸರೂ ಹೋಗುವುದಿಲ್ಲ. ಮೊದಲನೆಯದನ್ನು ನಾನು ಒಪ್ಪುವುದಿಲ್ಲ, ಆದರೆ ಇನ್ನೊಬ್ಬರ ಮನೆಯಲ್ಲಿ ನನ್ನ ತಕರಾರನ್ನು ಸಾಧಿಸಲು ಹೋಗದೆ ಬೇರೆ ದಿನ ನೋಡಿಕೊಳ್ಳುತ್ತೇನೆ.

ಎಲ್ಲಿಂದ ಆರಂಭಿಸಬೇಕೆಂದರೆ, ಕೃಷ್ಣಮಠಕ್ಕಿಂತ ಮೊದಲು ಮಂಗಳೂರಿನ ಕುದ್ರೋಳಿಗೆ ಹೋಗಿ ಬನ್ನಿ ಎನ್ನುತ್ತೇನೆ. ದೇವಸ್ಥಾನಗಳೊಳಗೆ ಪ್ರವೇಶವಿಲ್ಲದಿದ್ದ ಬಿಲ್ಲವರಿಗಾಗಿ ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠಾಪಿಸಿದ ಗೋಕರ್ಣನಾಥನ ಗುಡಿ ಅದು. 2013ರಲ್ಲಿ ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿದ ದೇವಸ್ಥಾನವೂ ಹೌದು. ವಿಶಾಲವಾದ ಅಂಗಳ, ನೂಕುನುಗ್ಗಲು ಕಡಿಮೆ, ನಿಂತು ನೋಡಿ ಕಲಿಯಲು ಅನುಕೂಲ. ಆಮೇಲೆ ಕದ್ರಿ. ಅಲ್ಲಿಯ ಮಂಜುನಾಥನ ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿಯನ್ನು 968ರಲ್ಲಿ ಆಳುಪ ದೊರೆ ಕುಂದವರ್ಮ ಸ್ಥಾಪಿಸಿದನೆಂದು ಅದರ ಪೀಠದ ಶಾಸನವೇ ಹೇಳುತ್ತದೆ. ಲೋಕೇಶ್ವರನೆಂದರೆ ಬೌದ್ಧರ ಅವಲೋಕಿತೇಶ್ವರ. ಶಿವಾಲಯದೊಳಗೆ ಅವನಿದ್ದಾನೆ, ಸಮೀಪದಲ್ಲೇ ನಾಥಪಂಥದ ಜೋಗಿಮಠವಿದೆ. ವಿಗ್ರಹವೆಂದರೆ ಮುಖ ತಿರುಗಿಸಲು ಕಲಿತವರಿಗೂ ಶಿಲ್ಪವಾಗಿ ನೋಡುವ ಆಸ್ಪದ ಅಲ್ಲಿದೆ. ಕೃಷ್ಣಮಠಕ್ಕೆ ವಾರದ ನಡುವಿನ ದಿನ ಹೋಗಿ. ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಯ ದಿನ, ಮಕರಸಂಕ್ರಾಂತಿಯ ಸಪ್ತೋತ್ಸವದ ದಿನಗಳಲ್ಲಿ ರಥಬೀದಿಯ ಸಂಭ್ರಮ ನೋಡಲು ಚೆನ್ನ, ದರ್ಶನ ಕಲಿಯಲು ಅಲ್ಲ.

ಇಷ್ಟೆಲ್ಲ ಆದ ಮೇಲೂ ಗುಡಿಯ ಒಳಗೆ ಹೋಗಲು ಮನಸ್ಸು ಒಪ್ಪದಿದ್ದರೆ ಕಟೀಲಿನ ದುರ್ಗಾಪರಮೇಶ್ವರಿಯ ಯಕ್ಷಗಾನ ಮೇಳಗಳ ಆಟವನ್ನು ನೋಡಿ. ಭಕ್ತರು ಹರಕೆಯಾಗಿ ಆಡಿಸುವ ಆಟಗಳು ಅವು; ತಿರುಗಾಟದ ಋತುವಿನಲ್ಲಿ ಯಾರದೋ ಮನೆಯಂಗಳದಲ್ಲೋ ಗದ್ದೆಯಲ್ಲೋ ನಡೆಯುತ್ತವೆ, ಮೇ ತಿಂಗಳ ಕೊನೆಯ ಪತ್ತನಾಜೆಯ ಹೊತ್ತಿಗೆ ಮುಗಿಯುತ್ತವೆ. ಟಿಕೆಟ್ ಇಲ್ಲ, ಯಾರ ಮನೆಯ ಆಟವೆಂದು ಕೇಳಿಕೊಂಡು ಹೋಗಿ ಕುಳಿತರಾಯಿತು. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ದೇವರಿಗೆ ಪೂಜೆಯಾಗುವುದನ್ನು ಬೇಕಾದರೆ ನೋಡಬಹುದು, ಬೇಡವಾದರೆ ನೇರವಾಗಿ ರಂಗಸ್ಥಳದ ಎದುರಿಗೆ ಹೋಗಬಹುದು. ಬಂದವರಿಗೆಲ್ಲ ಊಟವಿರುವುದು ಸಾಮಾನ್ಯ, ಅಲ್ಲೂ ಅನ್ನಕ್ಕೆ ಗುಳಿ ಮಾಡಿಕೊಳ್ಳುವುದನ್ನು ಮರೆಯಬೇಡಿ.