ಪದ್ಮಿನಿಯ ನೆಲದ ತಗಡು ಉಬ್ಬುವುದೇಕೆ?
ನೀವು ಬರೆದಿರುವಂತೆ ಪ್ರೀಮಿಯರ್ ಪದ್ಮಿನಿ ಕಾರಿಗೆ ಬೆಸೆದ ಹೊಸ ನೆಲದ ತಗಡು ಉಬ್ಬಿ, ಅಂಚಿನಲ್ಲಿ ತೂತು ಬೀಳುತ್ತಿರುವುದಕ್ಕೆ ಬಹುಮಟ್ಟಿಗೆ ಕಾರಣ, ಎಡೆಬಿಡದೆ ಉದ್ದಕ್ಕೂ ವೆಲ್ಡಿಂಗ್ ಎಳೆದದ್ದು ಮತ್ತು ತುಕ್ಕಿನಿಂದ ತೆಳುವಾದ ಹಳೆಯ ಅಂಚಿಗೇ ಜೋಡಿಸಿದ್ದು. ಮೊದಲು ಬ್ಯಾಟರಿ ಕಳಚಿ, ಪೆಟ್ರೋಲ್ ಟ್ಯಾಂಕನ್ನು ಇಳಿಸಿ ದೂರವಿಡಿ. ಈ ಕಾರಿಗೆ ಪ್ರತ್ಯೇಕ ಚಾಸಿ (ಭಾರ ಹೊರುವ ಉಕ್ಕಿನ ಅಡಿಗಟ್ಟು) ಇಲ್ಲದೆ ನೆಲವೂ ಭಾರ ಹೊರುವುದರಿಂದ, ಬಾಗಿಲ ಚೌಕಟ್ಟಿಗೆ ಅಡ್ಡಪಟ್ಟಿ ಬೆಸೆದ ಮೇಲೆಯೇ ಒಂದು ಬದಿಯನ್ನು ಕತ್ತರಿಸಿ, ಅದನ್ನು ಮುಗಿಸಿಯೇ ಇನ್ನೊಂದಕ್ಕೆ ಕೈಹಾಕಿ. ಇದನ್ನು ಮಾತ್ರ ದಯವಿಟ್ಟು ಬಿಡಬೇಡಿ, ಚೌಕಟ್ಟು ಒಮ್ಮೆ ಬಾಗಿದರೆ ಬಾಗಿಲು ಕೂರುವುದಿಲ್ಲ. ಗಟ್ಟಿ ಲೋಹ ಸಿಗುವವರೆಗೆ ಹಳೆಯ ಅಂಚನ್ನು ತೆಗೆದು, ಹೊಳೆಯುವಂತೆ ಉಜ್ಜಿ, ಮಿಗ್ ಯಂತ್ರದಲ್ಲಿ (ತಂತಿಯನ್ನು ತಾನೇ ಉಣಿಸುವ ವೆಲ್ಡಿಂಗ್ ಯಂತ್ರ) 0.6 ಮಿ.ಮೀ. ತಂತಿಯಿಂದ ದೂರದೂರಕ್ಕೆ ಚುಕ್ಕೆ ಬೆಸುಗೆ ಹಾಕಿ, ಆರಿದ ಮೇಲೆ ನಡುವಿನ ಜಾಗವನ್ನು ತುಂಬುತ್ತ ಬನ್ನಿ. ಬಾಗಿಲ ಕೆಳಗಿನ ಸಿಲ್ ಗಟ್ಟಿಯಿದೆಯೇ ಎಂಬುದನ್ನು ನೋಡದೆ ಹೇಳಲಾಗದು. ಸ್ಕ್ರೂಡ್ರೈವರಿನಿಂದ ಚುಚ್ಚಿದಾಗ ಒಳಹೋದರೆ, ನೆಲಕ್ಕಿಂತ ಮೊದಲು ಅದನ್ನೇ ಬದಲಿಸಿ.