ಯುದ್ಧಕಾಲದ ರೂಪಾಯಿಯಲ್ಲಿ ಬೆಳ್ಳಿ ಎಷ್ಟು?

ಪ್ರಶ್ನೆ: ಆರನೇ ಜಾರ್ಜ್ ಮುಖವಿರುವ 1938, 1942, 1944 ಮತ್ತು 1947ರ ರೂಪಾಯಿ ನಾಣ್ಯಗಳು ನಮ್ಮ ಮನೆಯಲ್ಲಿವೆ. ಅಂಗಡಿಯವರು ಎಲ್ಲವನ್ನೂ ಒಟ್ಟಿಗೆ ತೂಗಿ ಒಂದೇ ದರ ಹೇಳುತ್ತಾರೆ. ಒಪ್ಪಿಕೊಳ್ಳಬಹುದೇ?

ಉತ್ತರ: ಖಂಡಿತ ಬೇಡ. ನಿಮ್ಮಲ್ಲಿರುವುದು ಮೂರು ಬೇರೆ ಬೇರೆ ಲೋಹ. 1938ರ ರೂಪಾಯಿಯ ತೂಕ 11.66 ಗ್ರಾಂ, ಅದರಲ್ಲಿ ಶೇ. 91.7 ಬೆಳ್ಳಿ, ಅಂದರೆ ಸುಮಾರು 10.69 ಗ್ರಾಂ. ಯುದ್ಧ ಶುರುವಾದ ಮೇಲೆ, 1940ರಿಂದ, ಸರ್ಕಾರ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. ಉಳಿದ ಅರ್ಧವೆಂದರೆ ಒಟ್ಟು ತೂಕದ ಶೇ. 40 ತಾಮ್ರ, ಶೇ. 5 ನಿಕಲ್, ಶೇ. 5 ಸತು. ತೂಕವನ್ನು ಮಾತ್ರ ಬದಲಿಸಲಿಲ್ಲ. ಹಾಗಾಗಿ ನಿಮ್ಮ 1942, 1944ರ ನಾಣ್ಯಗಳೂ 11.66 ಗ್ರಾಂ ತೂಗಬೇಕು, ಆದರೆ ಒಂದೊಂದರಲ್ಲಿ ಬೆಳ್ಳಿ ಇರುವುದು 5.83 ಗ್ರಾಂ ಅಷ್ಟೇ. ಹಿಂಬದಿಯಲ್ಲಿ ಹುಲಿ ಇರುವ 1947ರದ್ದು ಶುದ್ಧ ನಿಕಲ್. ಅಯಸ್ಕಾಂತ ಹಿಡಿದರೆ ಥಟ್ಟನೆ ಅಂಟುತ್ತದೆ.

ಅನುಮಾನವಿದ್ದರೆ ನೀರಿನಲ್ಲಿ ಪರೀಕ್ಷಿಸಿ. 0.01 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ಮೊದಲೇ ತೂಗಿದ ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ. ಈಗ ತಕ್ಕಡಿ ತೋರಿಸುವ ಅಂಕಿಯಿಂದ ನಾಣ್ಯದ ತೂಕವನ್ನು ಭಾಗಿಸಿ. ಸುಮಾರು 10.3 ಬಂದರೆ ಹಳೆಯ ಬೆಳ್ಳಿ, 9.5ರ ಆಸುಪಾಸು ಬಂದರೆ ಯುದ್ಧಕಾಲದ ಬೆರಕೆ. ನಾಣ್ಯ ಸವೆದಿದ್ದರೂ ಈ ಲೆಕ್ಕ ಕೆಡುವುದಿಲ್ಲ. ಕೆಡಿಸುವುದು ಗಾಳಿಗುಳ್ಳೆ: ಒಂದೆರಡು ಅಂಟಿಕೊಂಡರೂ ಉತ್ತರ ಕಡಿಮೆ ಬರುತ್ತದೆ. ಮುಳುಗಿಸಿದ ಮೇಲೆ ದಾರವನ್ನು ಮೆಲ್ಲಗೆ ಅಲುಗಿಸಿ, ಅಲುಗಾಟ ನಿಂತ ಮೇಲೆ ಅಂಕಿ ನೋಡಿ.

ಪ್ರಶ್ನೆ: 1939ರ ರೂಪಾಯಿ ಮಾರಾಟಕ್ಕೆ ಬಂದಿದೆ. ಅಸಲಿಯೇ ಎಂದು ತಿಳಿಯುವುದು ಹೇಗೆ?

ಉತ್ತರ: ಇದು ನಿಜಕ್ಕೂ ಅಪರೂಪದ ನಾಣ್ಯ, ಆದ್ದರಿಂದಲೇ ನಕಲಿಗಳೂ ಬಹಳ. ಮೊದಲು ಅಂಚು ನೋಡಿ. ಅಂಚಿನ ಗೀರುಗಳ ನಡುವೆ ಸುತ್ತಲೂ ತೋಡು ಕೊರೆಯುವ ಪದ್ಧತಿ ಬಂದದ್ದು ಅರ್ಧ ಬೆಳ್ಳಿಯ ನಾಣ್ಯಗಳ ಜೊತೆಗೆ. 1939 ಎಂದಿದ್ದೂ ತೋಡು ಕಂಡರೆ, ಮುಂದಿನ ಇಸವಿಯ ನಾಣ್ಯದ ಅಂಕಿ ತಿದ್ದಿರಬಹುದು. ತೋಡಿಲ್ಲ ಎಂದಮಾತ್ರಕ್ಕೆ ಅಸಲಿ ಎನ್ನಬೇಡಿ: 1938ರ ಕೊನೆಯ 8ನ್ನು 9 ಮಾಡಿರುತ್ತಾರೆ. ಆ ಅಂಕಿಯ ಸುತ್ತಲಿನ ನೆಲವನ್ನು ಭೂತಗನ್ನಡಿಯಲ್ಲಿ ನೋಡಿ, ಉಜ್ಜಿದ ಗುರುತು ಅಲ್ಲೇ ಸಿಗುತ್ತದೆ. ಅನುಭವಿ ಪರೀಕ್ಷಕರಿಗೆ ತೋರಿಸದೆ ದುಡ್ಡು ಕೊಡಬೇಡಿ.

ಪ್ರಶ್ನೆ: 1943ರ ತೂತು ಕಾಸಿಗೆ ಲಕ್ಷಗಟ್ಟಲೆ ಬೆಲೆಯಂತೆ?

ಉತ್ತರ: ಇಲ್ಲ. ಅದು ಕಂಚಿನ ನಾಣ್ಯ, ಲೆಕ್ಕವಿಲ್ಲದಷ್ಟು ಅಚ್ಚಾಗಿದೆ. ಸವೆದದ್ದಕ್ಕೆ ಅಲ್ಪ ಬೆಲೆ. ಅಚ್ಚಿನ ಹೊಳಪು ಉಳಿದಿದ್ದರೆ ಸಂಗ್ರಾಹಕರು ಸ್ವಲ್ಪ ಹೆಚ್ಚು ಕೊಟ್ಟಾರು. ಮಾರಿಸಿಕೊಡುತ್ತೇವೆಂದು ಮುಂಗಡ ಶುಲ್ಕ ಕೇಳಿದವರಿಗೆ ಒಂದು ಪೈಸೆಯನ್ನೂ ಕಳಿಸಬೇಡಿ. ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಹೀಗೆ ವಸೂಲಿ ಮಾಡುವವರ ಬಗ್ಗೆ ಆ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ.

ಪ್ರಶ್ನೆ: ಕಪ್ಪಾದ ನಾಣ್ಯವನ್ನು ಹುಣಸೆಹಣ್ಣಿನಿಂದ ತೊಳೆಯಬಹುದೇ?

ಉತ್ತರ: ಬೇಡವೇ ಬೇಡ. ಯುದ್ಧಕಾಲದ ಬೆರಕೆಯಲ್ಲಿ ತಾಮ್ರ ಹೆಚ್ಚಿರುವುದರಿಂದ ಕಪ್ಪಾಗುವುದು ಸಹಜ. ಹುಳಿ ಆ ಬಣ್ಣದ ಜೊತೆ ಮೇಲ್ಮೈಯನ್ನೂ ತಿನ್ನುತ್ತದೆ, ಸಂಗ್ರಾಹಕರು ಕೊಡುವ ಬೆಲೆ ಅಲ್ಲಿಗೇ ಬಿದ್ದುಹೋಗುತ್ತದೆ. ಮೆತ್ತನೆಯ ಪಿವಿಸಿ ಚೀಲದಲ್ಲಿಟ್ಟು ಹಸಿರು ಜಿಗುಟು ಹಿಡಿದಿದ್ದರೆ ಮಾತ್ರ, ಗಾಳಿಯಾಡುವ ಕಡೆ, ಬೆಂಕಿಯಿಂದ ದೂರ, ಶುದ್ಧ ಅಸಿಟೋನಿನಲ್ಲಿ ಅದ್ದಿ ತೆಗೆದು, ಉಜ್ಜದೆ ಒಣಗಲು ಬಿಡಿ.