14ಎ ಇಳಿಯಬೇಡಿ, ಬಫಲೋದಿಂದ ಯು.ಎಸ್. 16 ಹಿಡಿಯಿರಿ

ರ‍್ಯಾಪಿಡ್ ಸಿಟಿಯಿಂದ ಯೆಲ್ಲೋಸ್ಟೋನ್‌ಗೆ 26 ಅಡಿಯ ಟ್ರೇಲರ್ (ಪಿಕಪ್ ಹಿಂದೆ ಕಟ್ಟುವ ಮನೆ-ಗಾಡಿ) ಎಳೆದುಕೊಂಡು ಹೊರಟಿದ್ದೀರಿ ಅನ್ನೋ ನಿಮ್ಮ ಪೋಸ್ಟ್ ಓದಿದೆ. ಬಿಗ್‌ಹಾರ್ನ್ ಬೆಟ್ಟ ದಾಟಲು ವಯೋಮಿಂಗ್‌ನ ಯು.ಎಸ್. 14ಎ ಹೆದ್ದಾರಿ ಆರಿಸಿದ್ದೀರಿ. "ಮ್ಯಾಪ್‌ನಲ್ಲಿ ಅದನ್ನೇ ತೋರಿಸ್ತಿದೆ, ಮೆಡಿಸಿನ್ ವೀಲ್ ಕೂಡ ನೋಡಿದ ಹಾಗಾಯ್ತು, ಎಫ್-150 ವಿ8 ಇದೆ, ಆರಾಮಾಗಿ ಹತ್ತುತ್ತೆ" ಅಂತ ಬರೆದಿದ್ದೀರಿ (ಮೆಡಿಸಿನ್ ವೀಲ್ ಅಂದರೆ ಆ ಬೆಟ್ಟದ ಮೇಲಿರುವ ಮೂಲನಿವಾಸಿಗಳ ಹಳೆಯ ಕಲ್ಲಿನ ಚಕ್ರ, ಎಫ್-150 ಅಂದರೆ ಫೋರ್ಡ್ ಪಿಕಪ್). ಹತ್ತುತ್ತೆ, ಅನುಮಾನ ಇಲ್ಲ. ಇಳಿಯೋದು ಹೇಗೆ ಅನ್ನೋದರ ಬಗ್ಗೆ ಒಂದು ಸಾಲೂ ಇಲ್ಲವಲ್ಲ? ಉತ್ತರ ಕೊಟ್ಟವರೂ ಬರೀ ಟಾರ್ಕ್ ಮಾತಾಡಿದ್ದಾರೆ.

ನಾವೂ ಒಮ್ಮೆ ಇದೇ ಧೈರ್ಯದಲ್ಲಿ 14ಎಯಲ್ಲಿ ಪಶ್ಚಿಮಕ್ಕೆ, ಲವೆಲ್ ಊರಿನ ಕಡೆ ಇಳಿದವರು. ಅರ್ಧ ದಾರಿಗೇ ಸುಟ್ಟ ವಾಸನೆ ಕಾರಿನೊಳಗೆ ಬಂತು. ಪೆಡಲ್ ಮೊದಲಿಗಿಂತ ಕೆಳಗೆ ಹೋಗುತ್ತಿತ್ತು. ಟ್ರೇಲರ್ ಹಿಂದಿನಿಂದ ತಳ್ಳುವುದು ಸೀಟಿಗೇ ತಿಳಿಯುತ್ತಿತ್ತು. ಪುಲ್‌ಔಟ್ (ರಸ್ತೆ ಬದಿ ನಿಲ್ಲಿಸುವ ಜಾಗ) ಸಿಕ್ಕಿದ್ದು ಪುಣ್ಯ.

14ಎ ಮೇಲ್ಭಾಗ 9,000 ಅಡಿ ದಾಟುತ್ತದೆ. ಲವೆಲ್ ಇರುವುದು 3,800 ಅಡಿಯ ಆಸುಪಾಸು. ಪಶ್ಚಿಮದ ಇಳಿಜಾರಿನಲ್ಲಿ 10 ಪರ್ಸೆಂಟ್ ಗ್ರೇಡ್ ಇದೆ. 1 ಪರ್ಸೆಂಟ್ ಅಂದರೆ ಮೈಲಿಗೆ 53 ಅಡಿ ಇಳಿತ, 10 ಅಂದರೆ 528 ಅಡಿ. ಅಲ್ಲಿ ರನ್‌ಅವೇ ಟ್ರಕ್ ರ‍್ಯಾಂಪ್‌ಗಳನ್ನು (ಬ್ರೇಕ್ ಸೋತ ಗಾಡಿಯನ್ನು ನುಗ್ಗಿಸಿ ನಿಲ್ಲಿಸುವ ದಾರಿ) ಸುಮ್ನೆ ಕಟ್ಟಿಲ್ಲ.

ನಾನು ಈಗ ದಾರಿ ಆರಿಸೋದು ಹೀಗೆ. ಮೈಲಿ ಎಷ್ಟು, ಸಮಯ ಎಷ್ಟು ಅಂತ ನೋಡುವುದಿಲ್ಲ. ಮೊದಲು ರಸ್ತೆ ಬೆಟ್ಟ ದಾಟುವ ತುದಿ, ಅಂದರೆ ಪಾಸ್‌ನ ಎತ್ತರ, ಆಮೇಲೆ ಇಳಿದು ಸೇರುವ ಊರಿನ ಎತ್ತರ, ನಡುವಿನ ಮೈಲಿ. ಕಳೆದು ಭಾಗಿಸಿ. ಮೈಲಿಗೆ 200 ಅಡಿ ಒಳಗಿದ್ದರೆ ತಲೆಬಿಸಿ ಇಲ್ಲ. 300 ದಾಟಿದರೆ ಬೇರೆ ದಾರಿ ಹುಡುಕುತ್ತೇನೆ. ಯು.ಎಸ್. 16ರ ಪೌಡರ್ ರಿವರ್ ಪಾಸ್ 9,666 ಅಡಿ. ಅಂದರೆ 14ಎಗಿಂತ ತಗ್ಗೇನಲ್ಲ. ಟೆನ್ ಸ್ಲೀಪ್ ಊರು 4,400ರ ಹತ್ತಿರ. ಆದರೆ ಆ 5,000 ಚಿಲ್ಲರೆ ಅಡಿಯನ್ನು ರಸ್ತೆ 25 ಮೈಲಿಗಿಂತ ಜಾಸ್ತಿ ಉದ್ದಕ್ಕೆ ಹಂಚಿಕೊಂಡು ಇಳಿಯುತ್ತದೆ. ವ್ಯತ್ಯಾಸ ಇರೋದು ಅಲ್ಲೇ, ಪಾಸ್‌ನ ಎತ್ತರದಲ್ಲಿ ಅಲ್ಲ. ಹಾಗಂತ ಸರಾಸರಿ ನಂಬಿ ಮೈಮರೆಯಬೇಡಿ, ಟೆನ್ ಸ್ಲೀಪ್ ಕಣಿವೆಯಲ್ಲೂ ಕಡಿದಾದ ತುಂಡುಗಳಿವೆ, ತಿರುವುಗಳಿವೆ. ಫೋನಿನ ಮ್ಯಾಪಿಗೆ ನಿಮ್ಮ ಹಿಂದೆ ಟ್ರೇಲರ್ ಇದೆ ಅನ್ನೋದೇ ಗೊತ್ತಿಲ್ಲ. ಗಾರ್ಮಿನ್‌ನ ಆರ್‌ವಿ (ಮನೆ-ಗಾಡಿ) ಜಿಪಿಎಸ್ ಇಟ್ಟುಕೊಂಡವರು ಸ್ವಲ್ಪ ವಾಸಿ, ಆದರೂ ಈ ಲೆಕ್ಕ ಕೈಯಲ್ಲೇ ಮಾಡಿ.

ಐ-90ರಲ್ಲಿ ಜಿಲೆಟ್ ದಾಟಿ ಬಫಲೋಗೆ ಬನ್ನಿ. ಅಲ್ಲೇ ಟ್ಯಾಂಕ್ ತುಂಬಿಸಿ. ವಯೋಮಿಂಗ್‌ನಲ್ಲಿ 85 ಆಕ್ಟೇನ್ ಪೆಟ್ರೋಲ್ ಕಡಿಮೆ ರೇಟಿಗೆ ಸಿಗುತ್ತದೆ, ಟ್ರೇಲರ್ ಎಳೆಯುವಾಗ ಅದನ್ನು ಮುಟ್ಟಬೇಡಿ, 87 ಕನಿಷ್ಠ. ಬಫಲೋ, ಟೆನ್ ಸ್ಲೀಪ್, ವರ್ಲ್ಯಾಂಡ್, ಗ್ರೇಬುಲ್, ಕೋಡಿ. ಇಷ್ಟೇ ದಾರಿ. 14ಎ, 16 ಎರಡರ ನಡುವಿನ ಯು.ಎಸ್. 14, ಶೆಲ್ ಕಣಿವೆಯದ್ದು, ಚೆಂದ ಇದೆ, ಆದರೆ ಮೊದಲ ಸಲಕ್ಕೆ ಬೇಡ.

ಹತ್ತುವಾಗ ವಿ8 ಸುಸ್ತಾಗುತ್ತದೆ, ಗಾಬರಿ ಬೇಡ. ಟರ್ಬೋ ಇಲ್ಲದ ಎಂಜಿನ್ 1,000 ಅಡಿಗೆ ಸುಮಾರು 3 ಪರ್ಸೆಂಟ್ ಶಕ್ತಿ ಕಳೆದುಕೊಳ್ಳುತ್ತದೆ. ಪಾಸ್ ಹತ್ತಿರ ಕಾಲು ಭಾಗಕ್ಕಿಂತ ಜಾಸ್ತಿ ಹೋಗಿರುತ್ತದೆ. ಈ ಒಂದು ಕಾರಣಕ್ಕೆ ನಾನು ಇಕೋಬೂಸ್ಟ್ (ಫೋರ್ಡ್‌ನ ಟರ್ಬೋ ಎಂಜಿನ್) ಪಕ್ಷ, ಬೈಯುವವರು ಬೈಯಲಿ. ನೀವು ಗಂಟೆಗೆ 40 ಮೈಲಿಯಲ್ಲಿ ಬಲಗಡೆ ಲೇನ್‌ನಲ್ಲಿ ಹೋಗಿ, ಹಿಂದಿನವರು ಕಾಯುತ್ತಾರೆ.

ಇಳಿಯುವ ವಿಷಯ. ಆಗುಂಬೆ ಘಾಟಿಯ ಬಸ್ ಡ್ರೈವರ್‌ಗಳು ಹತ್ತಿದ ಗೇರಿನಲ್ಲೇ ಇಳಿಯುತ್ತಿದ್ದರಲ್ಲ, ಇಲ್ಲೂ ಅದೇ. ಟೋ-ಹಾಲ್ ಮೋಡ್ (ಭಾರ ಎಳೆಯುವಾಗಿನ ಗೇರ್ ಸೆಟ್ಟಿಂಗ್) ಹಾಕಿ, ಗೇರ್ ಮ್ಯಾನುಯಲ್‌ಗೆ ತನ್ನಿ. ಇದನ್ನು ಪಾಸ್‌ನ ತುದಿ ದಾಟುವ ಮೊದಲೇ ಮಾಡಬೇಕು. ವೇಗ ಏರಿದ ಮೇಲೆ ಗೇರ್ ಇಳಿಸುತ್ತೇನೆ ಅಂದರೆ ಗಾಡಿ ಒಪ್ಪುವುದಿಲ್ಲ. 4,000 ಆರ್‌ಪಿಎಂ ಸದ್ದಿಗೆ ಮನೆಯವರು ಹೆದರುತ್ತಾರೆ, ಎಂಜಿನ್‌ಗೆ ಏನೂ ಆಗಲ್ಲ. 40 ತಲುಪಿದರೆ ಒಂದೇ ಸಲ ಗಟ್ಟಿಯಾಗಿ ಬ್ರೇಕ್ ಒತ್ತಿ 30ಕ್ಕೆ ಇಳಿಸಿ, ಪೂರ್ತಿ ಬಿಡಿ. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಕೂರೋದು ಡ್ರಮ್ ಸುಡುವ ಸುಲಭ ದಾರಿ.

ಇನ್ನೊಂದು ಕೆಲಸ ಇದೆ, ಇದನ್ನು ಯಾರೂ ಮಾಡುವುದಿಲ್ಲ. ಅಗ್ಗದ ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದು ಕೊಳ್ಳಿ. ಮೊದಲ ದೊಡ್ಡ ಇಳಿಜಾರು ಮುಗಿದ ತಕ್ಷಣ ನಿಲ್ಲಿಸಿ, ಟ್ರೇಲರ್‌ನ ನಾಲ್ಕೂ ಚಕ್ರದ ಹಬ್‌ಗೆ ತೋರಿಸಿ. ನಾಲ್ಕೂ ಹೆಚ್ಚುಕಡಿಮೆ ಒಂದೇ ಬಿಸಿ ಇರಬೇಕು. ಒಂದು ಮಾತ್ರ ತಣ್ಣಗಿದ್ದರೆ ಆ ಚಕ್ರದ ಬ್ರೇಕ್ ಕೆಲಸ ಮಾಡುತ್ತಿಲ್ಲ: ವೈರ್ ಕಿತ್ತಿರಬಹುದು, ಇಲ್ಲ ಅಡ್ಜಸ್ಟರ್ ಸಡಿಲ ಇರಬಹುದು. ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಬ್ರೇಕ್ ಹಿಡಿದುಕೊಂಡಿದೆ, ಇಲ್ಲ ಬೇರಿಂಗ್ ಹೋಗುತ್ತಿದೆ. ನಮ್ಮದರಲ್ಲಿ ಒಂದು ಹಬ್ ಬೆರಳಿಟ್ಟರೂ ಸುಡದಷ್ಟು ತಣ್ಣಗಿತ್ತು. ಹೊಸ ಟ್ರೇಲರ್. ಮಾರಿದವರು "ಎಲ್ಲ ಚೆಕ್ ಮಾಡಿದೀವಿ ಸರ್" ಅಂದಿದ್ದರು. ಆಕ್ಸಲ್ ಹತ್ತಿರ ನೀಲಿ ವೈರ್‌ನ ಕನೆಕ್ಟರ್ ಬಿಚ್ಚಿಕೊಂಡು ನೇತಾಡುತ್ತಿತ್ತು, ಮಣ್ಣು ಮೆತ್ತಿತ್ತು. ನೀವು ಮಾತ್ರ ಕೈ ಇಟ್ಟು ನೋಡಬೇಡಿ, ಥರ್ಮಾಮೀಟರ್ ಇರೋದೇ ಅದಕ್ಕೆ. ಬಿಸಿ ಡ್ರಮ್‌ಗೆ ನೀರನ್ನಂತೂ ಹಾಕಲೇಬೇಡಿ, ಬಿರುಕು ಬಿಡುತ್ತದೆ. ಚಕ್ರಕ್ಕೆ ಅಡ್ಡ ಕೊಟ್ಟು ಸುಮ್ಮನೆ ಕಾಯಿರಿ.

ಪಿಕಪ್‌ನಿಂದ ಟ್ರೇಲರ್ ಬ್ರೇಕ್ ಹಾಕಿಸುವ ಬ್ರೇಕ್ ಕಂಟ್ರೋಲರ್ ಫ್ಯಾಕ್ಟರಿಯದ್ದೇ ಇದ್ದರೆ ಸರಿ. ಇಲ್ಲದಿದ್ದರೆ ಟೆಕಾನ್‌ಶಾ ಪ್ರಾಡಿಜಿ ಪಿ3 ಹಾಕಿಸಿ. ಟೈಮರ್ ಮೇಲೆ ಓಡುವ ಅಗ್ಗದವು ಘಟ್ಟಕ್ಕೆ ಅಲ್ಲ. ಗೇನ್ (ಟ್ರೇಲರ್ ಬ್ರೇಕ್ ಎಷ್ಟು ಗಟ್ಟಿ ಹಿಡಿಯಬೇಕು ಅನ್ನೋ ಸೆಟ್ಟಿಂಗ್) ಅನ್ನು ಬಫಲೋದಲ್ಲೇ ಖಾಲಿ ಜಾಗದಲ್ಲಿ ಸರಿಮಾಡಿಕೊಳ್ಳಿ. ಟ್ರೇಲರ್ ತುಂಬಿದ ಮೇಲೆ ಮಾಡಬೇಕು, ಖಾಲಿ ಇದ್ದಾಗ ಮಾಡಿದ್ದು ಲೆಕ್ಕಕ್ಕಿಲ್ಲ.

ನೀವು ಹಾಕಿದ ಫೋಟೋದಲ್ಲಿ ಪಿಕಪ್‌ನ ಹಿಂಭಾಗ ಕುಸಿದಿದೆ, ಗಮನಿಸಿದಿರಾ? ಟೋ ರೇಟಿಂಗ್ (ಎಷ್ಟು ತೂಕ ಎಳೆಯಬಹುದು ಅನ್ನೋ ಅಂಕಿ) ಹಿಡಿದುಕೊಂಡು ವಾದ ಮಾಡಬೇಡಿ. ತುಂಬಿದ ಟ್ರೇಲರ್ 6,500 ಪೌಂಡ್ ಇದ್ದರೆ ಟಂಗ್ ವೆಯ್ಟ್ (ಪಿಕಪ್ ಮೇಲೆ ಕೂರುವ ಟ್ರೇಲರ್ ತೂಕ) 10ರಿಂದ 15 ಪರ್ಸೆಂಟ್, ಅಂದರೆ 850 ಅಂತಿಟ್ಟುಕೊಳ್ಳಿ. ನಾಲ್ಕು ಜನ 600. ಸೈಕಲ್, ಕೂಲರ್, ಅಕ್ಕಿ ಮೂಟೆ, ಹಿಚ್ ಸೇರಿ ಇನ್ನೊಂದು 200. 1,650 ಆಯಿತು. ಡ್ರೈವರ್ ಬಾಗಿಲಿನ ಸ್ಟಿಕ್ಕರ್ ಮೇಲಿನ ಪೇಲೋಡ್, ಅಂದರೆ ಪಿಕಪ್ ಹೊರಬಹುದಾದ ತೂಕ, ಎಷ್ಟಿದೆ? ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ (ಟಂಗ್ ತೂಕವನ್ನು ಮುಂದಿನ ಚಕ್ರಗಳಿಗೂ ಹಂಚುವ ಕೊಂಡಿ) ಇಲ್ಲದೆ ಹೊರಡಲೇಬೇಡಿ. ನನಗೆ ಈಕ್ವಲೈಸರ್ ಬ್ರ್ಯಾಂಡ್ ಹಿಡಿಸಿದೆ, ಕಿರಿಕಿರಿ ಸದ್ದು ಮಾಡುತ್ತದೆ, ಆದರೂ ಸರಿ. ಟೈರ್‌ನ ನಾಲ್ಕಂಕಿ ಡೇಟ್ ಕೋಡ್ ನೋಡಿ. 2319 ಅಂದರೆ 2019ರ 23ನೇ ವಾರ. ಅಷ್ಟು ಹಳೆಯದಾದರೆ ಗ್ರಿಪ್ ಎಷ್ಟೇ ಇದ್ದರೂ ಬದಲಿಸಿ. ನಾನು ಗುಡ್‌ಇಯರ್ ಎಂಡ್ಯೂರೆನ್ಸ್ ಹಾಕಿದ್ದೇನೆ.

ಗಾಳಿ ಬಗ್ಗೆ ಯಾರೂ ಹೇಳಿಲ್ಲ. ವಯೋಮಿಂಗ್‌ನಲ್ಲಿ ಗಾಳಿ ಜೋರಾದ ದಿನ ಹಗುರವಾದ ಎತ್ತರದ ಗಾಡಿಗಳಿಗೆ ಹೆದ್ದಾರಿಯನ್ನೇ ಮುಚ್ಚುತ್ತಾರೆ. ಆ ಗುಂಪಿನಲ್ಲಿ ನಿಮ್ಮ ಟ್ರೇಲರ್ ಕೂಡ ಬರುತ್ತದೆ. ಬೆಳಗ್ಗೆ ಎದ್ದ ಕೂಡಲೇ 511 (ವಯೋಮಿಂಗ್‌ನ ರಸ್ತೆ ಸ್ಥಿತಿಯ ಮಾಹಿತಿ) ನೋಡಿ, ಬೇಗ ಹೊರಡಿ. ಜೂನ್‌ನಲ್ಲೂ ಪಾಸ್ ಮೇಲೆ ಹಿಮ ಬೀಳಬಹುದು.

ಮೆಡಿಸಿನ್ ವೀಲ್ ನೋಡಲೇಬೇಕಾದರೆ ಒಂದು ರಾತ್ರಿ ಶೆರಿಡನ್‌ನಲ್ಲಿ ಉಳಿಯಿರಿ. ಟ್ರೇಲರ್ ಅಲ್ಲೇ ಬಿಟ್ಟು ಬರೀ ಪಿಕಪ್‌ನಲ್ಲಿ ಹೋಗಿ ಬನ್ನಿ. ಬೇರ್‌ಟೂತ್ ಹೆದ್ದಾರಿಗೂ ಇದೇ ಮಾತು, ಅದು 10,947 ಅಡಿ. ಕೋಡಿಯಿಂದ ಪೂರ್ವದ ಗೇಟಿಗೆ ಸಿಲ್ವನ್ ಪಾಸ್ ಮಾತ್ರ ಟ್ರೇಲರ್ ಸಮೇತ ದಾಟಬಹುದು, 14ಎ ಮುಂದೆ ಅದು ಏನೂ ಅಲ್ಲ. ವಾಪಸ್ ಬರುವಾಗ ಜಾಕ್ಸನ್‌ನಿಂದ ಐಡಾಹೋ ಫಾಲ್ಸ್‌ಗೆ ಹೋಗೋದಾದರೆ ಮ್ಯಾಪ್ ಟೀಟನ್ ಪಾಸ್ ತೋರಿಸುತ್ತದೆ. ಅಲ್ಲೂ 10 ಪರ್ಸೆಂಟ್. ಆಲ್ಪೈನ್, ಸ್ವಾನ್ ವ್ಯಾಲಿ ಸುತ್ತಿಕೊಂಡು ಹೋಗಿ.

ಯೆಲ್ಲೋಸ್ಟೋನ್ ಒಳಗಿನ ಆರ್‌ವಿ ಕ್ಯಾಂಪ್ ಫಿಷಿಂಗ್ ಬ್ರಿಜ್‌ನಲ್ಲಿ ಬುಕಿಂಗ್ ಸಿಕ್ಕಿದ್ದರೆ ಅದೃಷ್ಟ. ಕರಡಿ ಕಾಟ, ಅದಕ್ಕೇ ಗಟ್ಟಿ ಗೋಡೆಯ ಆರ್‌ವಿಗಳಿಗೆ ಮಾತ್ರ ಜಾಗ. ಆ ಎತ್ತರದಲ್ಲಿ ನೀರು 92 ಡಿಗ್ರಿಗೇ ಕುದಿಯುತ್ತದೆ, ಬೇಳೆ ತೆರೆದ ಪಾತ್ರೆಯಲ್ಲಿ ಬೇಗ ಬೇಯಲ್ಲ, ಕುಕ್ಕರ್ ಇಟ್ಟುಕೊಳ್ಳಿ. ದೋಸೆ ಹಿಟ್ಟಿನ ಡಬ್ಬಿ ಮುಚ್ಚಳ ಪಾಸ್‌ಗೆ ಮೊದಲೇ ಸಡಿಲಿಸಿ, ಇಲ್ಲಾಂದ್ರೆ ಫ್ರಿಜ್ ತೊಳೆಯುವ ಕೆಲಸ ಜೊತೆಗೆ.

ಡೋರ್ ಸ್ಟಿಕ್ಕರ್‌ನ ಫೋಟೋ ಇಲ್ಲೇ ಹಾಕಿ, ಆಕ್ಸಲ್ ರೇಶಿಯೋ (ಹಿಂದಿನ ಆಕ್ಸಲ್‌ನ ಗೇರ್ ಅನುಪಾತ) 3.31 ಇದೆಯಾ 3.73 ಇದೆಯಾ ಅದನ್ನೂ ಹೇಳಿ. ಪೇಲೋಡ್ 1,650 ಪೌಂಡ್‌ಗಿಂತ ಕಡಿಮೆ ಇದ್ದರೆ ನೀರಿನ ಟ್ಯಾಂಕ್ ಖಾಲಿ ಮಾಡೋದರಿಂದ ಶುರು ಮಾಡಿ ಏನೇನು ಇಳಿಸಬೇಕು ಅಂತ ನೋಡೋಣ.